ನೀರಗಂಟಿ ಅನ್ನೋ ಅಡ್ಡಹೆಸರು: ಎಲ್ಲಿಂದ ಬಂತು, ಎಲ್ಲೆಲ್ಲಿ ಉಳೀತು, ಯಾಕೆ ಇಷ್ಟು ಅಪರೂಪ

ಈ ಸಲ ಶೇಂಗಾ ರೋಗದ ಬಗ್ಗೆ ಇಲ್ಲ, ಬೋರ್‌ವೆಲ್ ಬಗ್ಗೆನೂ ಇಲ್ಲ. ಒಂದು ಹೆಸರಿನ ಬಗ್ಗೆ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಐತೆ. ರಾತ್ರಿ ತ್ರೀ ಫೇಸ್ ಕರೆಂಟ್ ಬರೋವರೆಗೂ ಕಾಯ್ತಾ ಕೂತಿರ್ತೀರಲ್ಲ, ಆಗ ಓದಿ.

ನೀರಗಂಟಿ ಅನ್ನೋ ಮಾತು ನಮಗೆಲ್ಲ ಗೊತ್ತು. ಈಗಿನ ಹುಡುಗರಿಗೆ ನೀರಗಂಟಿ ಅಂದ್ರೆ ಪಂಚಾಯ್ತಿಯಿಂದ ನಲ್ಲಿಗೆ ನೀರು ಬಿಡೋನು, ವಾಟರ್‌ಮನ್. ನಮ್ಮ ವಯಸ್ಸಿನೋರಿಗೆ ಕೆರೆ ತೂಬು ತೆಗೆಯೋನು. ಆದ್ರೆ ಇದೇ ಮಾತು ಕೆಲವು ಮನೆಗಳಿಗೆ ಅಡ್ಡಹೆಸರೂ ಹೌದು. ಪಾಟೀಲ, ಕುಲಕರ್ಣಿ, ತಳವಾರ, ದೇಸಾಯಿ ಇದ್ದಂಗೆ ‘ನೀರಗಂಟಿ’. ಪಾಟೀಲರು ಊರಿಗೊಬ್ಬರು ಸಿಗ್ತಾರೆ, ತಳವಾರರು ಸಾವಿರಾರು ಮನೆ ಅವ್ರೆ. ನೀರಗಂಟಿ ಅಂತ ಅಡ್ಡಹೆಸರು ಇಟ್ಟುಕೊಂಡಿರೋರು ಹುಡುಕಿದ್ರೆ ಅಲ್ಲೊಂದು ಇಲ್ಲೊಂದು. ಒಂದು ಕಾಲದಲ್ಲಿ ಕೆರೆ ಇದ್ದ ಊರಲ್ಲೆಲ್ಲ ಒಬ್ಬ ನೀರಗಂಟಿ ಇದ್ದ. ಅಷ್ಟು ಜನ ಇದ್ದ ಕೆಲಸದ ಹೆಸರು ಮನೆತನದ ಹೆಸರಾಗಿ ಯಾಕೆ ಉಳೀಲಿಲ್ಲ? ಈ ಪ್ರಶ್ನೆಯನ್ನ ಹಿಡಿದುಕೊಂಡು ಹೋದ್ರೆ ನಮ್ಮ ಕೆರೆ, ನಮ್ಮ ಪಹಣಿ, ನಮ್ಮ ಊರಿನ ಜಾತಿ ಲೆಕ್ಕ ಎಲ್ಲಾ ಒಂದೊಂದಾಗಿ ಹೊರಗೆ ಬರ್ತದೆ.

ಮೊದಲು ಮಾತಿನ ಮೂಲ

ನೀರಗಂಟಿ, ನೀರುಗಂಟಿ, ನೀರಗಟ್ಟಿ, ನೀರುಘಂಟಿ, ಹೀಗೆ ನಾಲ್ಕಾರು ಥರ ಬರೀತಾರೆ. ಘಂಟಿ ಅಂತ ಬರೆಯೋರು, ನೀರು ಬಿಡೋಕೆ ಮುಂಚೆ ಗಂಟೆ ಬಾರಿಸ್ತಿದ್ದ ಅದಕ್ಕೆ ಆ ಹೆಸರು ಅಂತ ಕಥೆ ಹೇಳ್ತಾರೆ. ಕೇಳೋಕೆ ಚೆನ್ನಾಗೈತೆ. ಆದ್ರೆ ಪಕ್ಕದ ಭಾಷೆಗಳನ್ನ ನೋಡಿ. ತಮಿಳುನಾಡಿನಲ್ಲಿ ಇದೇ ಕೆಲಸದೋನಿಗೆ ‘ನೀರ್‌ಕಟ್ಟಿ’ ಅಂತಾರೆ, ಅಂದ್ರೆ ನೀರು ಕಟ್ಟೋನು. ‘ನೀರ್‌ಪಾಯ್ಚಿ’ ಅಂತಾನೂ ಹೇಳ್ತಾರೆ, ನೀರು ಹಾಯಿಸೋನು. ತೆಲಂಗಾಣದಲ್ಲಿ ‘ನೀರಡಿ’. ಆಂಧ್ರದ ರಾಯಲಸೀಮೆ ಕಡೆ ನಮ್ಮ ಹಾಗೇ ‘ನೀರುಗಂಟಿ’, ‘ನೀರುಗಟ್ಟಿ’. ಹಿಂಗಿರುವಾಗ ಕಟ್ಟಿ ಅನ್ನೋದೇ ಬಾಯಿಂದ ಬಾಯಿಗೆ ಹೋಗ್ತಾ ಗಟ್ಟಿ ಆಗಿ, ಗಂಟಿ ಆಗಿದ್ದೀತು ಅನ್ನೋದು ಗಂಟೆ ಕಥೆಗಿಂತ ನಂಬೋ ಹಾಗೈತೆ. ನಾವೂ ‘ನೀರು ಕಟ್ಟೋಕೆ ಹೋಗಿದ್ದೆ’ ಅಂತಾನೇ ಹೇಳೋದು. ನೀರು ಬಾರಿಸೋಕೆ ಹೋಗಿದ್ದೆ ಅಂತ ಯಾರೂ ಹೇಳಲ್ಲ.

ಕೆಲಸ ಏನಿತ್ತು

ನಮ್ಮ ಕಡೆ ಕೆರೆಗಳು ಇವತ್ತಿನವಲ್ಲ. ಶಿವಮೊಗ್ಗ ಜಿಲ್ಲೆ ತಾಳಗುಂದದ ಕಂಬದ ಶಾಸನದಲ್ಲಿ ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ ಮಾತು ಐತೆ. ಅದು ಸುಮಾರು 1500 ವರ್ಷದ ಹಿಂದಿನ ಮಾತು. ಕಡಪ ಜಿಲ್ಲೆ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನ ಐತೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ಒಳ್ಳೆ ಕೆರೆಗೆ ಬೇಕಾದ 12 ಅಂಗ, ಕೆರೆಗೆ ಬರಬಾರದ 6 ದೋಷ ಅಂತ ಅದರಲ್ಲಿ ಎಣಿಸಿ ಎಣಿಸಿ ಬರೆದವ್ರೆ. ಸಾವಿರ ಆಳು, ನೂರು ಗಾಡಿ, ಎರಡು ವರ್ಷ ಕೆಲಸ ಅಂತಾನೂ ಲೆಕ್ಕ ಕೊಟ್ಟವ್ರೆ. ನಮ್ಮ ಶಾಸನಗಳಲ್ಲಿ ಕಟ್ಟುಕೊಡಗೆ, ಕೆರೆಗೊಡಗೆ, ಬಿತ್ತುವಟ್ಟ ಅನ್ನೋ ಮಾತುಗಳು ಬರ್ತವೆ. ಇವೆಲ್ಲ ಕೆರೆ ಕಟ್ಟಿದೋರಿಗೆ, ಕೆರೆ ನೋಡ್ಕೊಳ್ಳೋಕೆ ಅಂತ ಬಿಟ್ಟ ಜಮೀನು, ಇಲ್ಲಾ ಅದಕ್ಕೆ ಅಂತ ಇಟ್ಟ ಪಾಲು. ಅಂದ್ರೆ ಆಗಿನೋರಿಗೆ ಒಂದು ವಿಷಯ ಗೊತ್ತಿತ್ತು: ಕೆರೆ ಕಟ್ಟಿಸಿಬಿಟ್ರೆ ಆಗಲ್ಲ, ಅದಕ್ಕೆ ದಿನಾ ಒಬ್ಬ ಮನುಷ್ಯ ಬೇಕು, ಆ ಮನುಷ್ಯನಿಗೆ ಹೊಟ್ಟೆಗೆ ದಾರಿ ಬೇಕು.

ಆ ಮನುಷ್ಯನೇ ನೀರಗಂಟಿ. ಮಳೆಗಾಲದಲ್ಲಿ ರಾತ್ರಿ ಕಂದೀಲು ಹಿಡ್ಕೊಂಡು ಏರಿ ಮೇಲೆ ಓಡಾಡಬೇಕು. ಏಡಿ ಬಿಲ, ಇಲಿ ಬಿಲದಲ್ಲಿ ನೀರು ಜಿನುಗ್ತಾ ಐತಾ ನೋಡಬೇಕು. ಕೋಡಿಯಲ್ಲಿ ಕಸ ಕಡ್ಡಿ ಸಿಕ್ಕಿದ್ರೆ ಬಿಡಿಸಬೇಕು. ತೂಬಿನ ಬಿರಡೆ ಕೂರದೇ ಇದ್ರೆ ಮುಳುಗಿ ಹೋಗಿ ಕೂರಿಸಬೇಕು. ಬೆಳೆ ಹೊತ್ತಲ್ಲಿ ಯಾರ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಅಂತ ಸರದಿ ನಡೆಸಬೇಕು. ಗದ್ದೆ ಯಜಮಾನ ತನ್ನ ಗದ್ದೆ ಬಾಯಿ ತಾನೇ ಕಡಿಯೋ ಹಾಗಿರಲಿಲ್ಲ. ಗೌಡನದೇ ಗದ್ದೆ ಆದ್ರೂ ನೀರಗಂಟಿ ಸಲಿಕೆ ಬೀಳೋವರೆಗೂ ಕಾಯಬೇಕು.

ಕೆರೆ ಅರ್ಧ ತುಂಬಿದ ವರ್ಷ ಅವನ ಕೆಲಸ ಇನ್ನೂ ಕಷ್ಟ. ಕೋಲಾರದ ಕಡೆ ದಾಮಾಷಾ ಅಂತ ಒಂದು ಪದ್ಧತಿ ಇತ್ತು. ನೀರು ಕಮ್ಮಿ ಇದ್ದ ವರ್ಷ ಇಡೀ ಅಚ್ಚುಕಟ್ಟಿಗೆ ಬಿಡದೆ, ತೂಬಿಗೆ ಹತ್ತಿರದ ಗದ್ದೆಗಳನ್ನ ಮಾತ್ರ ನಾಟಿ ಮಾಡೋದು. ಆ ಗದ್ದೆ ಯಾರದೇ ಆಗಲಿ, ಆ ವರ್ಷದ ಮಟ್ಟಿಗೆ ಅಚ್ಚುಕಟ್ಟಿನ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕಂಗೆ ಅದರಲ್ಲಿ ಪಾಲು. ಮೇಲಿನ ಗದ್ದೆಯೋನು ಪೂರ್ತಿ ಬೆಳೆದು ಕೆಳಗಿನೋನು ಒಣಗಿಸಿಕೊಳ್ಳೋದು ಇರಲಿಲ್ಲ. ಇವತ್ತು ಯಾವ ನಿಗಮದ ಕಾಲುವೆಯಲ್ಲಿ ಈ ನ್ಯಾಯ ಸಿಗ್ತದೆ ಹೇಳಿ? ಕೊನೆ ಭಾಗದ ರೈತರು ಪ್ರತಿ ವರ್ಷ ರಸ್ತೆಗೆ ಬಂದು ಕೂರ್ತಾರೆ.

ಕರ್ನಲ್ ಮಾರ್ಕ್ ವಿಲ್ಕ್ಸ್ ಅಂತ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಇಂಗ್ಲಿಷಿನೋನು 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದ ಪುಸ್ತಕದಲ್ಲಿ ನಮ್ಮ ಹಳ್ಳಿಯ ಹನ್ನೆರಡು ಆಯಗಾರರ ಪಟ್ಟಿ ಕೊಟ್ಟವ್ನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಹಜಾಮ, ಅಕ್ಕಸಾಲಿ. ನೀರಗಂಟಿ ಆ ಹನ್ನೆರಡರಲ್ಲಿ ಒಬ್ಬ. ಕೂಲಿಯವನಲ್ಲ, ಊರಿನ ಹುದ್ದೆಯವನು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ತಗೊಂಡು ಹೋಗ್ತಿದ್ದ. ಅದರ ಜೊತೆಗೆ ಅವನ ಹುದ್ದೆಗೆ ಅಂತ ಇನಾಂ ಜಮೀನು ಇತ್ತು. ಅಪ್ಪನ ನಂತರ ಮಗ.

ಯಾವ ಹೆಸರು ಎಲ್ಲಿ ನಿಂತಿತು

ಈಗ ಅಡ್ಡಹೆಸರಿಗೆ ಬರೋಣ. ಕರ್ನಾಟಕ ಎಲ್ಲಾ ಕಡೆ ಹೆಸರಿಡೋ ಪದ್ಧತಿ ಒಂದೇ ಅಲ್ಲ. ಉತ್ತರಕ್ಕೆ ಹೋದ್ರೆ, ಅಂದ್ರೆ ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ, ಪ್ರತಿಯೊಬ್ಬರಿಗೂ ಅಡ್ಡಹೆಸರು ಉಂಟು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ, ಜೋಳದ ಅಂತ ಎಲ್ಲಾ ಅಡ್ಡಹೆಸರೇ. ನೀರಿಗೆ ಸಂಬಂಧಪಟ್ಟವೂ ಅವೆ: ಕೆರಿಮನಿ, ಹಳ್ಳದ, ಹೊಂಡದ, ಬಾವಿಕಟ್ಟಿ. ಅಲ್ಲಿ ಹುದ್ದೆ ಹೆಸರು ಮನೆತನಕ್ಕೆ ಅಂಟಿಕೊಳ್ಳೋಕೆ ಒಂದು ಕಾರಣ ವತನ. ಮರಾಠರ ಆಡಳಿತದಲ್ಲಿ ಹುದ್ದೆ ಅಂದ್ರೆ ವತನ, ವತನ ಅಂದ್ರೆ ಮನೆತನದ ಆಸ್ತಿ. ಆಮೇಲೆ ಬ್ರಿಟಿಷರು 1874ರಲ್ಲಿ ಮುಂಬೈ ಪ್ರಾಂತ್ಯಕ್ಕೆ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಮಾಡಿ ಅದನ್ನ ಕಾಗದದ ಮೇಲೆ ಗಟ್ಟಿ ಮಾಡಿದ್ರು. ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಹೀಗೆ ಮೂರೂ ದಾಖಲೆಗೆ ಏರಿದ್ವು. ಪಾಟೀಲನ ಮಗ ಮೇಷ್ಟ್ರಾದ್ರೂ ಪಾಟೀಲನೇ.

ನಮ್ಮ ಹಳೇ ಮೈಸೂರು ಕಡೆ ಹಂಗಿಲ್ಲ. ನಮಗೆ ಇನಿಷಿಯಲ್ಲು. ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಮುಗೀತು. ಗೌಡಿಕೆ ಮನೆಯೋರು ಗೌಡ ಅಂತ ಸೇರಿಸ್ಕೊಂಡಾರು. ಶಾನುಭೋಗರ ಮಗ ಶಾನುಭೋಗ ಅಂತ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರೆಸಿದ್ದು ಕಮ್ಮಿ. ಊರಲ್ಲಿ ‘ನೀರಗಂಟಿ ಮನೆ’ ಅಂತ ಕರೀತಾರೆ, ಶಾಲೆ ದಾಖಲೆಯಲ್ಲಿ ಅದಿಲ್ಲ. ಬಾಯಲ್ಲಿ ಐತೆ, ಕಾಗದದಲ್ಲಿಲ್ಲ. ಕೊಡಗಿನಲ್ಲಿ ಒಕ್ಕದ ಹೆಸರು ಉಂಟು, ಕರಾವಳಿಯಲ್ಲಿ ಮನೆತನ, ಬಳಿ ಅಂತ ಉಂಟು. ಆದ್ರೆ ಅಲ್ಲಿ ಮಳೆ ಜಾಸ್ತಿ, ನಮ್ಮ ಥರ ಏರಿ, ತೂಬು, ಅಚ್ಚುಕಟ್ಟಿನ ಕೆರೆ ಬೇಸಾಯ ಅವರ ಮುಖ್ಯ ದಾರಿ ಅಲ್ಲ.

ಇನ್ನು ಕೆರೆ ಎಲ್ಲಿ ಹೆಚ್ಚು? ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು, ತುಮಕೂರು, ಹಾಸನ, ಚಿತ್ರದುರ್ಗ. ಕೆಂಪು ನೆಲ, ಏರುತಗ್ಗು, ಕಲ್ಲುಬಂಡೆ ಇರೋ ಕಡೆ. 1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಸ್ಯಾಂಕಿ, ಈ ಸೀಮೆಯಲ್ಲಿ ಹೊಸ ಕೆರೆ ಕಟ್ಟೋಕೆ ಜಾಗ ಹುಡುಕೋದೇ ಕಷ್ಟ ಅನ್ನೋ ಅರ್ಥದಲ್ಲಿ ಬರೆದವ್ನೆ. ಅಷ್ಟು ಒತ್ತೊತ್ತಾಗಿ ಕೆರೆ. ರಾಜ್ಯದಲ್ಲಿ 36 ಸಾವಿರದ ಮೇಲೆ ಕೆರೆ ಅವೆ ಅಂತ ಸರ್ಕಾರದ ಲೆಕ್ಕ. ಅದರಲ್ಲಿ ದೊಡ್ಡ ಪಾಲು ನಮ್ಮ ಕಡೆಯದೇ. ವಿಜಯಪುರ, ಕಲಬುರಗಿ ಕಡೆ ಎರೆಭೂಮಿ. ಅಲ್ಲಿ ಹಿಂಗಾರು ಜೋಳ ನೆಲದ ಹಸಿಯಲ್ಲೇ ಬೆಳೀತದೆ. ಕೆರೆ ಇದ್ರೂ ನಮ್ಮಷ್ಟು ಒತ್ತಾಗಿಲ್ಲ.

ಈಗ ಎರಡೂ ಸೇರಿಸಿ ನೋಡಿ. ನೀರಗಂಟಿ ಹೆಚ್ಚಾಗಿದ್ದ ಕಡೆ ಅಡ್ಡಹೆಸರು ಇಟ್ಟುಕೊಳ್ಳೋ ರೂಢಿ ಇರಲಿಲ್ಲ. ಅಡ್ಡಹೆಸರಿನ ರೂಢಿ ಇದ್ದ ಕಡೆ ನೀರಗಂಟಿ ಕಮ್ಮಿ. ಹೆಸರು ಅಪರೂಪ ಆಗೋಕೆ ಇದೇ ಮೂಲ ಕಾರಣ ಅಂತ ನನ್ನ ತಿಳುವಳಿಕೆ. ಇದಕ್ಕೆ ಇನ್ನೊಂದು ಸಾಕ್ಷಿ ಐತೆ. ಮರಾಠಿ ಸೀಮೆಯಲ್ಲೂ ನಮ್ಮ ಆಯಗಾರರ ಥರಾನೇ ಬಾರಾ ಬಲುತೇದಾರರು, ಅಂದ್ರೆ ಹನ್ನೆರಡು ಜನ ಇದ್ರು. ಬಡಗಿ, ಕಮ್ಮಾರ, ಕುಂಬಾರ, ಅಗಸ, ಮಹಾರ, ಗುರವ, ಜೋಶಿ ಎಲ್ಲಾ ಆ ಪಟ್ಟಿಯಲ್ಲಿ ಬರ್ತಾರೆ. ನೀರು ಹಂಚೋನು ಮಾತ್ರ ಬರಲ್ಲ. ನಾಸಿಕ, ಖಾನದೇಶದ ಕಡೆ ನದಿಗೆ ಒಡ್ಡು ಕಟ್ಟಿ ಫಡ್ ಅಂತ ನೀರಾವರಿ ಮಾಡೋ ಊರುಗಳಲ್ಲಿ ಮಾತ್ರ ಪಾಟಕರಿ ಅಂತ ಕಾಲುವೆ ಕಾಯೋನು ಇದ್ದ. ಒಟ್ಟು ದೇಶದಲ್ಲಿ ಅವನು ಹನ್ನೆರಡರಲ್ಲಿ ಒಬ್ಬ ಅಲ್ಲ. ನಮ್ಮಲ್ಲಿ ಹೌದು. ಕೆರೆ ಇದ್ದ ಕಡೆ ಮಾತ್ರ ಆ ಹುದ್ದೆಗೆ ಸ್ಥಾನ.

ಹಂಗಾದ್ರೆ ಅಡ್ಡಹೆಸರಾಗಿ ಎಲ್ಲಿ ಉಳೀತು? ಎರಡೂ ರೂಢಿ ಕೂಡೋ ಗಡಿಯಲ್ಲಿ. ಒಂದು ಕಡೆ ಕೆರೆ, ಇನ್ನೊಂದು ಕಡೆ ಮನೆಹೆಸರಿನ ರೂಢಿ. ತೆಲುಗಿನೋರಿಗೆ ಇಂಟಿಪೇರು ಅಂತ ಹೆಸರಿನ ಮುಂದೆ ಮನೆತನದ ಹೆಸರು ಇರಲೇಬೇಕು. ಬಳ್ಳಾರಿ, ಅನಂತಪುರ, ಹಿಂದೂಪುರ, ಮಡಕಶಿರಾ, ನಮ್ಮ ಪಾವಗಡ, ಈ ಸುತ್ತಿನಲ್ಲಿ ಕನ್ನಡ ತೆಲುಗು ಎರಡೂ ಆಡ್ತಾರೆ, ಕೆರೆಗಳೂ ಅವೆ. ಅಲ್ಲಿ ನೀರುಗಂಟಿ ಇಂಥವನು ಅಂತ ಹೆಸರಿನ ಮುಂದೆ ಸೇರಿಸೋದು ಬಂದೈತೆ. ತೆಲಂಗಾಣದಲ್ಲಿ ಕೆರೆಯೂ ಜಾಸ್ತಿ, ಇಂಟಿಪೇರೂ ಕಡ್ಡಾಯ. ಅದಕ್ಕೇ ಅಲ್ಲಿ ನೀರಡಿ ಅನ್ನೋ ಮನೆಹೆಸರು ನಮ್ಮ ನೀರಗಂಟಿಯಷ್ಟು ಅಪರೂಪ ಅಲ್ಲ. ತಮಿಳುನಾಡಿನಲ್ಲಿ ಕೆರೆ ಬೇಕಾದಷ್ಟು, ಅಡ್ಡಹೆಸರಿನ ಪದ್ಧತಿ ಇಲ್ಲ. ಅಲ್ಲಿ ನೀರ್‌ಕಟ್ಟಿ ಅನ್ನೋದು ಕೆಲಸದ ಹೆಸರಾಗೇ ನಿಂತುಬಿಡ್ತು, ನಮ್ಮ ಕಡೆ ಆದಂಗೇ. ನಾಲ್ಕು ರಾಜ್ಯ ನೋಡಿದ್ರೂ ಲೆಕ್ಕ ತಾಳೆ ಆಗ್ತದೆ.

ಇನ್ನೊಂದು ಕಾರಣ, ಹೇಳೋಕೆ ಕಷ್ಟ ಆದ್ರೂ ಹೇಳಬೇಕು

ಕೆರೆ ನಕಾಶೆ ಒಂದೇ ಕಾರಣ ಅಲ್ಲ. ಪಾಟೀಲ ಅಂತ ಬರೆಸಿಕೊಂಡ್ರೆ ಎದೆ ಉಬ್ಬುತ್ತೆ. ನೀರಗಂಟಿ ಅಂತ ಬರೆಸಿಕೊಂಡ್ರೆ ಎದುರಿಗಿರೋನು ಜಾತಿ ಲೆಕ್ಕ ಹಾಕ್ತಾನೆ.

ಬಹಳ ಊರುಗಳಲ್ಲಿ ನೀರಗಂಟಿ ಕೆಲಸ ದಲಿತ ಮನೆತನಗಳದ್ದು. ತಮಿಳುನಾಡಿನಲ್ಲೂ ಹಂಗೇ. ಎಲ್ಲಾ ಕಡೆ ಅಂತ ಹೇಳೋಕಾಗಲ್ಲ, ಬೇರೆ ಜಾತಿಯೋರು ಮಾಡಿದ ಊರೂ ಅವೆ. ಯಾಕೆ ಅವರಿಗೆ ಕೊಟ್ರು ಅಂದ್ರೆ ಹಿರಿಯರು ಒಂದು ಕಾರಣ ಹೇಳ್ತಾರೆ: ಅಚ್ಚುಕಟ್ಟಿನಲ್ಲಿ ಅವರಿಗೆ ಹೇಳಿಕೊಳ್ಳೋ ಅಷ್ಟು ಗದ್ದೆ ಇಲ್ಲ, ಅದಕ್ಕೆ ತಮ್ಮ ಕಡೆಗೆ ನೀರು ಎಳ್ಕೊಳ್ಳಲ್ಲ, ನ್ಯಾಯವಾಗಿ ಹಂಚ್ತಾರೆ ಅಂತ. ಮಾತು ಸುಳ್ಳಲ್ಲ. ಆದ್ರೆ ಅದನ್ನ ತಿರುಗಿಸಿ ನೋಡಿ. ಊರಿನ ಅಷ್ಟೂ ಗದ್ದೆಗೆ ನೀರು ಹಂಚೋನಿಗೆ ಗದ್ದೆ ಇರಬಾರದು ಅನ್ನೋದು ಆ ನ್ಯಾಯಕ್ಕೆ ಬುನಾದಿ. ಇಡೀ ಕೆರೆ ನೀರು ಅವನ ಕೈಯಲ್ಲಿ. ಸೇದೋ ಬಾವಿ ಹತ್ತಿರ ಮಾತ್ರ ಅವನ ಮನೆಯ ಹೆಣ್ಣುಮಕ್ಕಳು ದೂರ ನಿಂತು, ಯಾರಾದ್ರೂ ಹುಯ್ಯಲಿ ಅಂತ ಕಾಯಬೇಕಿತ್ತು. ಅವನು ಹಾಯಿಸಿದ ನೀರು ಭತ್ತ ಆಗಿ ನಮ್ಮ ಅಡುಗೆ ಮನೆಗೆ ಬರ್ತಿತ್ತು, ಅವನು ಬರಂಗಿರಲಿಲ್ಲ. ಇದು ನಮ್ಮ ತಾತಂದಿರ ಕಾಲದ ಮಾತು ಅಂತ ದೂರ ತಳ್ಳೋಕೆ ಆಗಲ್ಲ. ನಮ್ಮಲ್ಲಿ ಐವತ್ತು ದಾಟಿದೋರು ಕಣ್ಣಾರೆ ಕಂಡೋರೇ.

ಕೆರೆಗೆ ಹಾರವಾದೋರ ಕಥೆ ನಮಗೆಲ್ಲ ಬಾಯಿಪಾಠ. ನೀರಗಂಟಿಗೂ ಒಂದು ಕಥೆ ಐತೆ. ಚಿಕ್ಕಮಗಳೂರು ಜಿಲ್ಲೆ ಸಖರಾಯಪಟ್ಟಣದ ಅಯ್ಯನಕೆರೆಗೆ ಹೇಳ್ತಾರೆ, ಬೇರೆ ಕೆರೆಗಳಿಗೂ ಹೇಳ್ತಾರೆ. ಜೋರು ಮಳೆ ರಾತ್ರಿ ಕೆರೆಯಮ್ಮ ನೀರಗಂಟಿಗೆ ಕಾಣಿಸ್ಕೊಂಡು, ನಾನು ಏರಿ ಒಡೆದು ಹೊರಡ್ತೀನಿ ಅಂದ್ಲು. ತಾಯಿ, ನಾನು ದೊರೆಗೆ ಹೇಳಿ ಬರೋವರೆಗೂ ಇರು ಅಂತ ಮಾತು ತಗೊಂಡು ಅವನು ಓಡಿದ. ದೊರೆ ಯೋಚನೆ ಮಾಡಿದ: ಇವನು ತಿರುಗಿ ಹೋಗದೇ ಇದ್ರೆ ಅಮ್ಮ ಯಾವತ್ತೂ ಹೊರಡಂಗಿಲ್ಲ. ಅಲ್ಲೇ ಅವನನ್ನ ಕೊಲ್ಲಿಸಿದ. ಕೆರೆ ಉಳೀತು. ಕಥೆ ನಿಜವೋ ಸುಳ್ಳೋ ಬೇರೆ ಮಾತು. ಆದ್ರೆ ಕೆರೆ ಉಳಿಸಿದ್ದು ಯಾರು, ಅದಕ್ಕೆ ಬೆಲೆ ತೆತ್ತಿದ್ದು ಯಾರು ಅನ್ನೋದು ಊರಿನ ಜನಕ್ಕೆ ಒಳಗೊಳಗೇ ಗೊತ್ತಿತ್ತು ಅಂತ ಆ ಕಥೆ ಹೇಳ್ತದೆ.

ಹಿಂಗಾಗಿ ಈ ಮನೆತನದ ಹುಡುಗರು ಓದಿ ಪಟ್ಟಣಕ್ಕೆ ಹೋದಾಗ ಈ ಹೆಸರನ್ನ ಮನೆ ಹೊಸಿಲಲ್ಲೇ ಬಿಟ್ಟು ಹೋದ್ರೆ ಯಾರೂ ಬೈಯೋ ಹಾಗಿಲ್ಲ. ಅವರು ಬಿಟ್ಟಿದ್ದು ಕೆರೆಯನ್ನಲ್ಲ, ಅದರ ಜೊತೆ ಅಂಟಿದ್ದ ಚಾಕರಿ ಅನ್ನೋ ಮಾತನ್ನ.

1963 ಆದಮೇಲೆ

ಹುದ್ದೆ ಕಾನೂನಿನ ಪ್ರಕಾರ ಹೋಗಿದ್ದು ನಮ್ಮ ಅಪ್ಪಂದಿರ ಕಾಲದಲ್ಲಿ. ಮೈಸೂರು ಸೀಮೆಗೆ 1908ರ ಗ್ರಾಮ ಹುದ್ದೆಗಳ ಕಾಯ್ದೆ ಇತ್ತು. ರಾಜ್ಯ ಏಕೀಕರಣ ಆದಮೇಲೆ ಎಲ್ಲಾ ಭಾಗಕ್ಕೂ ಸೇರಿಸಿ 1961ರಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಮಾಡಿದ್ರು. ಅದು ಜಾರಿಗೆ ಬಂದಿದ್ದು 1963ರ ಫೆಬ್ರವರಿ 1ಕ್ಕೆ. ಅವತ್ತಿಂದ ವಂಶಪಾರಂಪರ್ಯದ ಪಟೇಲ ಇಲ್ಲ, ಶಾನುಭೋಗ ಇಲ್ಲ, ತೋಟಿ, ತಳವಾರ, ನೀರಗಂಟಿ ಯಾರೂ ಇಲ್ಲ. ಹುದ್ದೆಗೆ ಸೇರಿದ ಇನಾಂ ಜಮೀನು ಸರ್ಕಾರಕ್ಕೆ ಬಂತು. ಆಮೇಲೆ ನಿಗದಿ ಹಣ ಕಟ್ಟಿಸ್ಕೊಂಡು ಅದೇ ಹುದ್ದೆದಾರರಿಗೆ ರೀಗ್ರಾಂಟ್ ಮಾಡಿ ಕೊಡಬೇಕು ಅಂತ ಕಾನೂನು. ಹಂಗೆ ಕೊಟ್ಟ ಜಮೀನನ್ನ ಮಾರೋಕೆ ಕಟ್ಟುಪಾಡು ಇತ್ತು. 1978ರ ತಿದ್ದುಪಡಿಯಲ್ಲಿ 15 ವರ್ಷ ಪರಭಾರೆ ಮಾಡಂಗಿಲ್ಲ ಅಂತ ಇನ್ನೂ ಬಿಗಿ ಮಾಡಿದ್ರು.

ಕಾನೂನು ಕಾಗದದಲ್ಲಿ ಚೆನ್ನಾಗೈತೆ. ಊರಲ್ಲಿ ನಡೆದಿದ್ದು ನಿಮಗೂ ಗೊತ್ತು. ರೀಗ್ರಾಂಟ್‌ಗೆ ಅರ್ಜಿ ಹಾಕಬೇಕು ಅನ್ನೋದು ಓದು ಬರಹ ಬರೋರಿಗೆ ತಿಳೀತು. ಪಟೇಲ, ಶಾನುಭೋಗರ ಮನೆಯೋರು ತಾಲ್ಲೂಕು ಕಚೇರಿ ದಾರಿ ಬಲ್ಲೋರು, ಬೇಗ ಮಾಡಿಸ್ಕೊಂಡ್ರು. ನೀರಗಂಟಿ, ತೋಟಿ ಮನೆಯೋರಲ್ಲಿ ಎಷ್ಟೋ ಜನ ಅರ್ಜಿನೇ ಹಾಕಲಿಲ್ಲ. ಕೆಲವರು ಮದುವೆಗೋ ಕಾಯಿಲೆಗೋ ಅಂತ ನೂರಿನ್ನೂರಕ್ಕೆ ಬರೆದುಕೊಟ್ರು. ತೂಬಿನ ಕೆಳಗಿನ ಮೊದಲ ತಾಕು, ಊರಿಗೇ ಒಳ್ಳೆ ಗದ್ದೆ, ಎಷ್ಟೋ ಕಡೆ ಹಂಗೇ ಕೈ ಬದಲಾಯ್ತು. ಇದನ್ನ ಓದ್ತಾ ಇರೋ ನಮ್ಮಲ್ಲಿ ಕೆಲವರು ಇವತ್ತು ಉಳ್ತಾ ಇರೋದು ಅದೇ ನೆಲ. ಯಾರನ್ನೂ ಬೊಟ್ಟು ಮಾಡಿ ತೋರಿಸ್ತಾ ಇಲ್ಲ. ಆದ್ರೆ ಹಳೇ ಪಹಣಿಯಲ್ಲಿ ‘ನೀರಗಂಟಿ ಇನಾಂ’ ಅಂತ ಬರೆದಿರೋದನ್ನ ನೋಡಿದ್ರೂ ನೋಡದಂಗೆ ಪುಟ ತಿರುವೋದು ಸರಿಯಲ್ಲ.

ಇಲ್ಲಿ ಒಂದು ಕಾನೂನಿನ ಸೂಕ್ಷ್ಮ ಐತೆ, ತಿಳ್ಕೊಳ್ಳಿ. ದಲಿತರಿಗೆ ಮಂಜೂರಾದ ಜಮೀನು ಅಂದ ಕೂಡಲೇ ಎಲ್ಲರೂ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅಂತಾರೆ. ಆದ್ರೆ ಆ ಕಾಯ್ದೆಯಲ್ಲಿ ‘ಮಂಜೂರಾದ ಜಮೀನು’ ಅಂದ್ರೆ ಏನು ಅಂತ ವಿವರಿಸೋ ಜಾಗದಲ್ಲಿ ವಂಶಪಾರಂಪರ್ಯ ಹುದ್ದೆಗೆ ಸಂಬಂಧಪಟ್ಟಿದ್ದನ್ನ ಹೊರಗಿಟ್ಟವ್ರೆ. ಅಂದ್ರೆ ನೀರಗಂಟಿ ಇನಾಂ ಜಮೀನಿನ ಪ್ರಶ್ನೆ ಬೇರೆ ಕಾಯ್ದೆಯ ಪ್ರಶ್ನೆ. ಎರಡನ್ನೂ ಒಂದೇ ಅಂದ್ಕೊಂಡು ವರ್ಷಗಟ್ಟಲೆ ಅಲೆಯೋ ಬದಲು, ದಾಖಲೆ ಹಿಡ್ಕೊಂಡು ಮೊದಲೇ ತಿಳಿದ ವಕೀಲರ ಹತ್ತಿರ ಕೂತು ಯಾವ ಕಾಯ್ದೆ ಅಂತ ಬಗೆಹರಿಸಿಕೊಳ್ಳಿ.

ಹೆಸರಿಗೆ ಕಾನೂನಿನಲ್ಲಿ ಎಷ್ಟು ತೂಕ ಅನ್ನೋದಕ್ಕೆ ತಳವಾರರ ವಿಷಯ ನೋಡಿ. 2020ರಲ್ಲಿ ಪಾರ್ಲಿಮೆಂಟು ಪರಿವಾರ, ತಳವಾರ ಅನ್ನೋ ಹೆಸರುಗಳನ್ನ ನಾಯಕ ಜನಾಂಗದ ಪರ್ಯಾಯ ಹೆಸರು ಅಂತ ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸ್ತು. ಆಮೇಲೆ ಶುರುವಾಯ್ತು ಗಲಾಟೆ. ತಳವಾರಿಕೆ ಅನ್ನೋದು ಹುದ್ದೆ, ಬೇರೆ ಬೇರೆ ಜಾತಿಯೋರು ಮಾಡಿದ್ರು, ಎಲ್ಲರಿಗೂ ಅದೇ ಅಡ್ಡಹೆಸರು ಬಂತು. ಈಗ ಅಡ್ಡಹೆಸರು ನೋಡಿ ಸರ್ಟಿಫಿಕೇಟ್ ಕೊಡಬೇಕಾ, ಮೂಲ ನೋಡಿ ಕೊಡಬೇಕಾ ಅನ್ನೋ ಜಗಳ. ನೀರಗಂಟಿಗೂ ಇದೇ ಮಾತು. ಅದು ಹುದ್ದೆ ಹೆಸರು, ಜಾತಿ ಹೆಸರಲ್ಲ. ಎರಡು ಊರಿನ ಇಬ್ಬರು ನೀರಗಂಟಿಗಳು ನೆಂಟರು ಆಗಿರಲೇಬೇಕು ಅಂತೇನಿಲ್ಲ. ಒಂದೇ ಕೆರೆ ಕಾಯ್ದೋರು ಮಾತ್ರ ಒಂದೇ ಬೇರು.

ಕೆರೆಗೆ ಏನಾಯ್ತು

ಹುದ್ದೆ ತೆಗೆದಿದ್ದು ಸರಿನೇ. ಹುಟ್ಟಿನಿಂದ ಚಾಕರಿ ಅನ್ನೋದು ಹೋಗಲೇಬೇಕಿತ್ತು. ಆದ್ರೆ ಹುದ್ದೆ ಜೊತೆಗೆ ಕೆಲಸವನ್ನೂ ತೆಗೆದುಬಿಟ್ಟಿದ್ದು ನಮಗೆ ಬಿದ್ದ ಪೆಟ್ಟು. 40 ಹೆಕ್ಟೇರ್ ಅಚ್ಚುಕಟ್ಟಿನ ಒಳಗಿನ ಕೆರೆ ಪಂಚಾಯ್ತಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ ಅಂತ ಹಂಚಿಕೊಂಡ್ರು. ರಾತ್ರಿ ಏರಿ ಮೇಲೆ ನಡೆಯೋ ಮನುಷ್ಯ ಯಾರ ಪಾಲಿಗೂ ಬರಲಿಲ್ಲ. ಇಂಜಿನಿಯರು ವರ್ಷಕ್ಕೊಂದು ಸಲ ಬಂದಾರು, ಏಡಿ ಬಿಲ ದಿನಾ ಬೆಳೀತದೆ. ದೊಡ್ಡ ಕಾಲುವೆ ಇರೋ ಕಡೆ ಸೌಡಿ ಅಂತ ನೀರು ಬಿಡೋರು ಅವ್ರೆ, ಅವರ ಕೆಲಸ ಖಾಯಂ ಇಲ್ಲ. 1980ರ ಈಚೆಗೆ ಬೋರ್‌ವೆಲ್ ಬಂತು, ಪ್ರತಿಯೊಬ್ಬನೂ ತನ್ನ ಗದ್ದೆಗೆ ತಾನೇ ನೀರಗಂಟಿ ಆದ. ಸರದಿ ಇಲ್ಲ, ಲೆಕ್ಕ ಇಲ್ಲ. ಮುನ್ನೂರು ಅಡಿ ಹೋಗಿ ಸಾವಿರ ಅಡಿ ಆಯ್ತು.

ಈಗ ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರ್ತಾ ಐತೆ. ಅಂತರ್ಜಲಕ್ಕೆ ಇಂಗಲಿ ಅಂತ ಕೊಡೋ ನೀರು ಅದು, ನೇರವಾಗಿ ಗದ್ದೆಗೆ ಬಿಡಂಗಿಲ್ಲ. ಕೆರೆ ತುಂಬಿದ್ರೂ ತೂಬು ಮುಚ್ಚೇ ಇರಬೇಕು. ಕೆರೆ ಐತೆ, ನೀರೈತೆ, ತೂಬು ತೆಗೆಯೋ ಕೆಲಸ ಇಲ್ಲ. ನೀರಗಂಟಿ ಅನ್ನೋ ಮಾತು ಇನ್ನು ಪಂಚಾಯ್ತಿ ನಲ್ಲಿಯಲ್ಲಿ ಮಾತ್ರ ಉಳ್ಕೊಂಡೈತೆ. ಆ ಕೆಲಸ ಮಾಡೋ ಹುಡುಗನಿಗೂ ತಿಂಗಳ ಸಂಬಳ ಸರಿಯಾಗಿ ಆಗಲ್ಲ, ಬೆಳಿಗ್ಗೆ ನೀರು ತಡ ಆದ್ರೆ ಊರೆಲ್ಲ ಬೈತದೆ. ಹೆಸರು ಬದಲಾಗಲಿಲ್ಲ, ಹಣೆಬರಹವೂ ಬದಲಾಗಲಿಲ್ಲ.

ಮಾಡಬೇಕಾದ್ದು

ಇಷ್ಟು ಬರೆದಿದ್ದು ಸುಮ್ಮನೆ ಓದಿ ಬಿಡೋಕಲ್ಲ. ಮೂರು ಕೆಲಸ ಹೇಳ್ತೀನಿ.

ಒಂದು, ನಿಮ್ಮೂರ ಕೆರೆಗೆ ಯಾವ ಮನೆಯೋರು ನೀರಗಂಟಿ ಇದ್ರು ಅಂತ ಎಂಬತ್ತು ದಾಟಿದ ಅಜ್ಜ ಅಜ್ಜಿಯರನ್ನ ಕೇಳಿ ಬರೆದಿಟ್ಟುಕೊಳ್ಳಿ. ಜೊತೆಗೆ ತೂಬುಗಳ ಹೆಸರು, ಕಾಲುವೆಗಳ ಹೆಸರು, ಸರದಿ ಹೆಂಗಿತ್ತು ಅನ್ನೋದು. ಇನ್ನು ಹತ್ತು ವರ್ಷಕ್ಕೆ ಹೇಳೋಕೆ ಯಾರೂ ಇರಲ್ಲ.

ಎರಡು, ಆ ಮನೆತನದೋರು ಯಾರಾದ್ರೂ ಇದನ್ನ ಓದ್ತಾ ಇದ್ರೆ, ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ, ಆರ್.ಆರ್., ಇಂಡೆಕ್ಸ್ ಆಫ್ ಲ್ಯಾಂಡ್ಸ್, ಆಕಾರಬಂದ್ ನಕಲಿಗೆ ಅರ್ಜಿ ಹಾಕಿ. ಕಂಪ್ಯೂಟರ್ ಪಹಣಿಯಲ್ಲಿ ಹಳೇ ಹುದ್ದೆ ಮಾತು ಬಿಟ್ಟುಹೋಗಿರಬಹುದು, ಕೈಬರಹದಲ್ಲಿ ಇರ್ತದೆ. ಈಗ ಭೂ ಸುರಕ್ಷಾ ಅಂತ ಹಳೇ ಕಡತಗಳನ್ನ ಸ್ಕ್ಯಾನ್ ಮಾಡ್ತಾ ಅವ್ರೆ, ಮುಂಚಿನಷ್ಟು ಕಷ್ಟ ಇಲ್ಲ. ಆ ಹೆಸರನ್ನ ಇಟ್ಟುಕೊಳ್ಳೋದು ಬಿಡೋದು ನಿಮ್ಮ ಇಷ್ಟ. ದಾಖಲೆ ಮಾತ್ರ ಬಿಡಬೇಡಿ.

ಮೂರು, ಕೆರೆ ಅಭಿವೃದ್ಧಿ ಸಂಘ ಇರೋ ಊರುಗಳಲ್ಲಿ ಹೂಳು ತೆಗೆಸೋಕೆ, ಏರಿ ಮೇಲೆ ಕಲ್ಲು ಜೋಡಿಸೋಕೆ ಲಕ್ಷಗಟ್ಟಲೆ ದುಡ್ಡು ಬರ್ತದೆ. ಒಬ್ಬ ನೀರಗಂಟಿಗೆ ಸಂಬಳ ಅಂತ ಒಂದು ಸಾಲು ಅದರಲ್ಲಿ ಇರಲ್ಲ. ಮುಂದಿನ ಗ್ರಾಮಸಭೆಯಲ್ಲಿ ಇದನ್ನ ಕೇಳಿ. ಜಾತಿ ನೋಡದೆ, ಕೆಲಸ ಬಲ್ಲೋರನ್ನ ಆರಿಸಿ, ಅಚ್ಚುಕಟ್ಟಿನ ಎಲ್ಲರೂ ಎಕರೆಗಿಷ್ಟು ಅಂತ ಹಾಕಿ ಸಂಬಳ ಕೊಡೋಣ. ಆಯ ಅನ್ನೋದು ಅದೇ ಅಲ್ವಾ? ಅವತ್ತು ಕಣದಲ್ಲಿ ರಾಶಿ ಪಕ್ಕ ನಿಂತು ಕೈಯೊಡ್ಡಿ ತಗೊಳ್ಳಬೇಕಿತ್ತು. ಇವತ್ತು ಬ್ಯಾಂಕ್ ಖಾತೆಗೆ ಹೋಗಲಿ, ಅಷ್ಟೇ ವ್ಯತ್ಯಾಸ.

ನಿಮ್ಮ ಕಡೆ ನೀರಗಂಟಿ, ನೀರಗಟ್ಟಿ, ನೀರಡಿ ಅಂತ ಮನೆಹೆಸರು ಇದ್ರೆ ಊರು, ಹೋಬಳಿ ಮಾತ್ರ ಬರೆದು ಕಳಿಸಿ, ಜನರ ಹೆಸರು ಬೇಡ. ಒಂದು ನಕಾಶೆ ಮೇಲೆ ಗುರುತು ಹಾಕ್ತಾ ಹೋಗ್ತೀನಿ. ಕೆರೆ ನಕಾಶೆ ಜೊತೆಗಿಟ್ಟು ನೋಡಿದ್ರೆ ನಾನು ಮೇಲೆ ಹೇಳಿದ ಲೆಕ್ಕ ಎಲ್ಲಿ ಹೊಂದ್ತದೆ, ಎಲ್ಲಿ ಹೊಂದಲ್ಲ ಅಂತ ಎಲ್ಲರಿಗೂ ಕಾಣ್ತದೆ. ಮುಂದಿನ ವಾರ ಹುಣಸೆ ಸಸಿ ಕಸಿ ಕಟ್ಟೋ ಬಗ್ಗೆ ಬರೀತೀನಿ.